ನೆಲವಿಲ್ಲದವರ ಹೂದೋಟ

ಬಂಗಾರಪೇಟೆಯ ಜಂಕ್ಷನ್ನಿನಲ್ಲಿ ದೊಡ್ಡ ರೈಲುದಾರಿಯನ್ನು ಬಿಟ್ಟು ಮಾರಿಕುಪ್ಪದ ಕಡೆಗೆ ಹೊರಳುವ ಸುಮಾರು 10 ಮೈಲಿಯ ಕವಲುದಾರಿಯನ್ನು 1894ರಲ್ಲಿ ಹಾಕಿದ್ದು ಕೆ.ಜಿ.ಎಫ್. ಎನಿಸಿಕೊಂಡ ಕೋಲಾರದ ಚಿನ್ನದ ಗಣಿಗಳಿಗಾಗಿ. ಯಂತ್ರಗಳನ್ನೂ ಕಲ್ಲಿದ್ದಲನ್ನೂ ದುಡಿಯುವ ಜನರನ್ನೂ ಒಳಕ್ಕೆ ಒಯ್ದು ಕರಗಿಸಿದ ಚಿನ್ನವನ್ನು ಹೊರಕ್ಕೆ ತರುತ್ತಿದ್ದ ಆ ದಾರಿಯು, ಗಣಿಗಳು ಮುಚ್ಚಿದ ತರುವಾಯ, ಬೆಂಗಳೂರಿನ ಕೆಲಸಗಳಿಗೆ ಕತ್ತಲಲ್ಲೇ ಹೊರಡುವ ಸಹಸ್ರಾರು ಮಂದಿಯನ್ನು ಬೆಳಗ್ಗೆ ಹೊತ್ತೊಯ್ದು ರಾತ್ರಿಗೆ ಮರಳಿ ತಂದಿಳಿಸುವ ಕೆಲಸವನ್ನು ಮಾಡಿಕೊಂಡಿದೆ. ಬಂಗಾರಪೇಟೆಯಲ್ಲಿ ಮನೆ ಮಾಡಿಕೊಂಡಿರುವ ನಾನು, ಆ ಜನಸಂದಣಿಯೆಲ್ಲ ಇಳಿದುಹೋದ ಮೇಲೆ, ಹಗಲಿನ ಖಾಲಿ ಗಾಡಿಯಲ್ಲಿ ಕಿಟಕಿಯ ಪಕ್ಕದಲ್ಲಿ ಕುಳಿತು ಬೆಮೆಲ್ ನಗರ, ಕೋರಮಂಡಲ, ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪದವರೆಗೆ ಹೋಗಿಬರುವ ಅಭ್ಯಾಸವನ್ನು ಬಹಳ ದಿನಗಳಿಂದ ಇಟ್ಟುಕೊಂಡಿದ್ದೇನೆ. ಹೊರಗೆ ಕಾಣುವುದು ಬಹುಮಟ್ಟಿಗೆ ಬೋಳುನೆಲ. ತುಕ್ಕು ಹಿಡಿದ ಗಣಿಗೋಪುರಗಳು. ಅರೆದ ಕಲ್ಲಿನ ಹುಡಿಯನ್ನು ಸುರಿದು ಸುರಿದು ಎದ್ದಿರುವ, ಜನರು ಸಯನೈಡ್ ದಿಬ್ಬಗಳೆಂದು ಕರೆಯುವ ಬೂದುಬಣ್ಣದ ಚಪ್ಪಟೆ ಗುಡ್ಡಗಳು. ಆ ಗುಡ್ಡಗಳ ನೆರಳಿನಲ್ಲಿಯೇ ಸಾಲುಮನೆಗಳು. ಆ ಸಾಲುಮನೆಗಳ ಬಾಗಿಲುಗಳಲ್ಲಿ, ಎಣ್ಣೆಯ ಡಬ್ಬ, ಬಣ್ಣದ ಬಕೆಟ್ಟು, ಕಂಠ ಸೀಳಿದ ಪ್ಲಾಸ್ಟಿಕ್ ಕೊಡ, ಹೊಟ್ಟೆ ಕತ್ತರಿಸಿದ ಟೈರು, ಅಲ್ಲಲ್ಲಿ ಒಂದೊಂದು ನಿಜವಾದ ಮಣ್ಣಿನ ಕುಂಡ. ಅವುಗಳಲ್ಲಿ ದಾಸವಾಳ, ಕನಕಾಂಬರ, ನಿತ್ಯಪುಷ್ಪ, ಸೇವಂತಿಗೆ, ಕಾಗದದ ಹೂ. ಬಾಗಿಲಿಗೆ ಬಣ್ಣ ಕಾಣದೆ ಹತ್ತು ವರ್ಷವಾಗಿರುವ ಮನೆಯ ಮುಂದೂ ಕುಂಡವೊಂದು ಇದ್ದೇ ಇರುವುದು.

ಇಷ್ಟು ಬಯಲು ಬಿದ್ದಿರುವಲ್ಲಿ ಜನರು ಡಬ್ಬಗಳಲ್ಲೇಕೆ ಹೂ ಬೆಳೆಯುತ್ತಾರೆಂಬ ಪ್ರಶ್ನೆಗೆ ಉತ್ತರವು ತೋಟಗಾರಿಕೆಯ ಗ್ರಂಥಗಳಲ್ಲಿಲ್ಲ, ಈ ಊರಿನ ಚರಿತ್ರೆಯಲ್ಲಿದೆ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯವರು ಗಣಿಗಳ ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಇಲ್ಲಿ ಎರಡು ಬಗೆಯ ವಸತಿಗಳೆದ್ದವು. ಒಂದು, ದಿಣ್ಣೆಗಳ ಮೇಲೆ ವಿಸ್ತಾರವಾದ ಕಾಂಪೌಂಡುಗಳ ನಡುವಣ ದೊರೆಗಳ ಬಂಗಲೆಗಳು. ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ಬರುತ್ತಿದ್ದ ನೀರನ್ನು ಮಾಲಿಗಳು ಹುಲ್ಲುಹಾಸಿಗೂ ಗುಲಾಬಿಯ ಪಾತಿಗಳಿಗೂ ಉಣಿಸಿ, ಊರಿಗೆ ಕಿರಿಯ ಇಂಗ್ಲೆಂಡೆಂಬ ಹೆಸರು ಬರುವಂತೆ ಮಾಡಿದ್ದ ಜಾಗಗಳು ಅವು. ಇನ್ನೊಂದು, ಕೂಲಿಯವರ ಲೈನುಗಳು. ಮೊದಲು ಬಿದಿರು ತಟ್ಟಿಯವು, ಆಮೇಲೆ ಕಲ್ಲುಗಾರೆಯವು, ಒಂದು ಕೋಣೆ ಮತ್ತು ಒಂದು ಮೊಗಸಾಲೆ. ಲೈನಿನ ಮನೆಯು ಕಂಪೆನಿಯದು, ಮನೆಯ ಮುಂದಿನ ಮಾರುದ್ದದ ನೆಲವೂ ಕಂಪೆನಿಯದು. 1956ರಲ್ಲಿ ಮೈಸೂರು ಸರ್ಕಾರವೂ 1962ರಲ್ಲಿ ಕೇಂದ್ರ ಸರ್ಕಾರವೂ ಗಣಿಗಳನ್ನು ವಹಿಸಿಕೊಂಡು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯು ಹುಟ್ಟಿ, 2001ರ ಫೆಬ್ರವರಿ 28ರಂದು ಅದೂ ಬಾಗಿಲು ಮುಚ್ಚಿದಾಗ, ಮನೆಯೊಳಗಿದ್ದ ಜನರು ಮನೆಯೊಳಗೇ ಉಳಿದರು; ಆದರೆ ಆ ನೆಲವು ತಮ್ಮದೆಂದು ಎದೆ ತಟ್ಟಿ ಹೇಳಿಕೊಳ್ಳುವ ಭಾಗ್ಯವು ಬಹುಮಂದಿಗೆ ಬರಲಿಲ್ಲ. ನಾಳೆ ಏಳೆಂದರೆ ಏಳಬೇಕಾದವನು ನೆಲದಲ್ಲಿ ಸಂಪಿಗೆಯ ಗಿಡವನ್ನು ಊರುವುದಿಲ್ಲ. ಎರಡು ಕೈಗಳಿಂದ ಎತ್ತಿಕೊಂಡು ಹೋಗಬಹುದಾದ ಕನಕಾಂಬರವನ್ನು ಸಾಕುತ್ತಾನೆ.

ಮಾತಿಗೆ ಮಾತು ಬಂದುದರಿಂದ ಹೇಳುವುದಾದರೆ, ಹೂ ಬೆಳೆಯುವ ಈ ಪಾತ್ರೆಗೆ ಇಲ್ಲಿ ಸಲ್ಲುವ ಹೆಸರುಗಳೂ ಒಂದಲ್ಲ. ಬಂಗಾರಪೇಟೆಯ ಕನ್ನಡಿಗರು ಕುಂಡವೆನ್ನುವರು, ಕಾಲೇಜಿಗೆ ಹೋಗುವ ಮಕ್ಕಳು ಪಾಟು ಎನ್ನುವರು, ಚಾಂಪಿಯನ್ ರೀಫಿನ ತಮಿಳರು ತೊಟ್ಟಿಯೆನ್ನುವರು. ದನಕ್ಕೆ ನೀರು ಕುಡಿಸುವ ಕಲ್ಲುತೊಟ್ಟಿಯನ್ನು ಕಂಡು ಬೆಳೆದ ಕನ್ನಡದ ಕಿವಿಗೆ ಮೊದಮೊದಲು ಅದು ತುಸು ವಿಚಿತ್ರವಾಗಿ ಕೇಳಿಸುವುದು. ನಮ್ಮ ಸೀಮೆಯ ತೆಲುಗರಲ್ಲಿ ಬಳಕೆಯಲ್ಲಿರುವ ಶಬ್ದವು ಕನ್ನಡದ ಕುಂಡಕ್ಕೆ ಅತಿ ಸಮೀಪದ ಜ್ಞಾತಿಯೇ ಆದರೂ, ಅಂತ್ಯಸ್ವರವೊಂದರ ವ್ಯತ್ಯಾಸದಿಂದಾಗಿ ಅದನ್ನು ಇಲ್ಲಿ ಬರೆಯುವುದಕ್ಕೆ ಸಭ್ಯತೆಯು ಅಡ್ಡಬರುತ್ತದೆ.

ಕುಂಡದ ಕೃಷಿಯು ಹೊಸತೇನೂ ಅಲ್ಲ. ಪ್ರಾಚೀನ ಗ್ರೀಸಿನ ಅಥೆನ್ಸಿನಲ್ಲಿ ಅಡೋನಿಸನ ಉತ್ಸವದ ಕಾಲಕ್ಕೆ ಹೆಂಗಸರು ಒಡೆದ ಮಡಕೆಗಳಲ್ಲಿ ಬೀಜ ಬಿತ್ತಿ ಮಾಳಿಗೆಯ ಮೇಲಿಡುತ್ತಿದ್ದರು. ಬೇಗ ಮೊಳೆತು ಬೇಗ ಬಾಡುವುದೇ ಆ ವ್ರತದ ಅರ್ಥವಾಗಿದ್ದಿತು. ನಮ್ಮಲ್ಲಿ 11ನೆಯ ಶತಮಾನದ ಎರಡನೆಯ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಅಡುಗೆ, ಜೋಯಿಸ, ವಾಸ್ತುಗಳ ಜತೆಗೆ ವೃಕ್ಷಾಯುರ್ವೇದಕ್ಕೂ ಸ್ಥಾನ ಕೊಟ್ಟು, ಗಿಡದ ಆರೈಕೆಯು ಸಂಸಾರಸ್ಥನಿಗೆ ತಿಳಿದಿರಬೇಕಾದ ವಿದ್ಯೆಗಳಲ್ಲೊಂದೆಂದು ಭಾವಿಸಿದ್ದನು. ಇನ್ನು ನಾವು ನಮ್ಮವೆಂದೇ ತಿಳಿದಿರುವ ಎಷ್ಟೋ ಹೂಗಳು ಪೆಟ್ಟಿಗೆಗಳಲ್ಲಿಯೂ ಕುಂಡಗಳಲ್ಲಿಯೂ ಪರದೇಶದಿಂದ ಹಡಗೇರಿ ಬಂದವು. ದಸರೆಗೆ ನಾವು ಬಾಗಿಲಿಗೆ ಕಟ್ಟುವ ಚೆಂಡುಹೂವಿನ ತವರು ಮೆಕ್ಸಿಕೋ; ಡೇರೆಯೂ ಅಲ್ಲಿಯದೇ. ಕಡಲಿನ ಉಪ್ಪುಗಾಳಿಗೆ ಸಿಕ್ಕಿ ದಾರಿಯಲ್ಲೇ ಸಾಯುತ್ತಿದ್ದ ಸಸಿಗಳನ್ನು ಬಿಗಿಯಾಗಿ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ, ತಮ್ಮ ಉಸಿರಿನ ತೇವವನ್ನೇ ಮತ್ತೆ ಮತ್ತೆ ಕುಡಿದು ತಿಂಗಳುಗಟ್ಟಲೆ ಬದುಕುವುವೆಂಬುದನ್ನು ಲಂಡನ್ನಿನ ವೈದ್ಯನಾದ ನಥಾನಿಯೆಲ್ ವಾರ್ಡ್ ಎಂಬಾತನು 1829ರಲ್ಲಿ ಕಂಡುಕೊಂಡ ಮೇಲಂತೂ ಈ ಸಾಗಾಟವು ಸಲೀಸಾಯಿತು. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಇಂದಿಗೂ ವರ್ಷಕ್ಕೆರಡು ಸಲ ಕುಂಡಗಳಲ್ಲಿ ಮೆರೆಯುವ ಹೂಗಳಲ್ಲಿ ಬಹುಪಾಲು ಆ ವಲಸೆಗಾರರ ಸಂತತಿಯೇ. ಆ ಲಾಲ್‌ಬಾಗನ್ನು 1760ರಲ್ಲಿ ಮೊದಲುಮಾಡಿದ ಹೈದರಾಲಿಯು ಹುಟ್ಟಿದ್ದು ನಮ್ಮ ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ ಎಂಬುದನ್ನು ನಾವು ಊರಿನವರು ಸಂದರ್ಭ ಸಿಕ್ಕಾಗಲೆಲ್ಲ ಹೇಳಿಕೊಳ್ಳುತ್ತೇವೆ, ಈಗಲೂ ಹೇಳಿಯಾಯಿತು.

ಇನ್ನು ಕುಂಡದ ಸ್ವಭಾವಕ್ಕೆ ಬರೋಣ. ನೆಲದಲ್ಲಿ ನೆಟ್ಟ ಗಿಡವನ್ನು ಯಜಮಾನನು ಮರೆತರೂ ಭೂಮಿಯು ಮರೆಯುವುದಿಲ್ಲ. ಬೇರು ತನ್ನ ದಾರಿಯನ್ನು ತಾನು ಹುಡುಕಿಕೊಂಡು ಮಾರುದೂರದ ತೇವವನ್ನು ಎಟಕಿಸಿಕೊಳ್ಳುತ್ತದೆ. ಕುಂಡದ ಗಿಡದ ಬೇರಿಗೆ ಹೋಗಲು ದಾರಿಯಿಲ್ಲ. ಅದರ ಅನ್ನ, ನೀರು, ಗಾಳಿ, ಶಾಖ ಇಷ್ಟೂ 10 ಅಂಗುಲದ ಒಂದು ಮಣ್ಣಿನ ಗೋಡೆಯೊಳಗೆ ಆಗಬೇಕು. ಆದುದರಿಂದ ಕುಂಡದಲ್ಲಿ ಹೂ ಬೆಳೆಯುವ ವಿದ್ಯೆಯು ವಾಸ್ತವವಾಗಿ ಹೂವಿನ ವಿದ್ಯೆಯಲ್ಲ, ಬೇರಿನ ವಿದ್ಯೆ. ಬಾಡಿದ ಎಲೆಯನ್ನು ಕಂಡೊಡನೆ ನೀರು ಸುರಿಯುವವನು ಅನೇಕವೇಳೆ ನೀರಿನಿಂದಲೇ ಉಸಿರು ಕಟ್ಟಿ ಬಾಡಿದ ಗಿಡವನ್ನು ಪೂರ್ತಿಯಾಗಿ ಮುಳುಗಿಸುತ್ತಾನೆ. ಬೇರಿಗೆ ನೀರಿನಷ್ಟೇ ಗಾಳಿಯೂ ಅಗತ್ಯ. ಕೊಳೆತ ಬೇರು ನೀರಿನ ನಡುವೆ ನಿಂತೂ ನೀರನ್ನು ಹೀರಲಾರದು.

ಈ ವಿಷಯದಲ್ಲಿ ನಾನೇ ಹಲವು ವರ್ಷಗಳ ಕಾಲ ನಡೆಸಿದ ಮೌಢ್ಯವೊಂದನ್ನು ಒಪ್ಪಿಕೊಳ್ಳಬೇಕು. ಕುಂಡದ ತಳದಲ್ಲಿ ಮೂರು ಬೆರಳು ಜಲ್ಲಿಯನ್ನು ಹಾಸಿದರೆ ನೀರು ಚೆನ್ನಾಗಿ ಬಸಿದುಹೋಗುತ್ತದೆಂದು ಕೇಳಿ, ರೈಲುದಾರಿಯ ಬದಿಯಿಂದ ಜಲ್ಲಿಯನ್ನು ಆಯ್ದು ತಂದು ಪ್ರತಿಯೊಂದು ಕುಂಡಕ್ಕೂ ತುಂಬುತ್ತಿದ್ದೆನು. ಫಲವು ವಿಪರೀತವಾಯಿತು. ಕಾರಣವನ್ನು ತಿಳಿಯಬೇಕಾದರೆ ಒಗೆದು ಹರವಿದ ಪಂಚೆಯನ್ನು ನೋಡಿದರೆ ಸಾಕು: ತೊಟ್ಟಿಕ್ಕುವುದು ನಿಂತಮೇಲೂ, ಮೇಲಿನ ಭಾಗವೆಲ್ಲ ಆರುತ್ತ ಬಂದರೂ, ಕೆಳಗಿನ ಅಂಚು ಮಾತ್ರ ಬಹಳ ಹೊತ್ತು ಒದ್ದೆಯಾಗಿಯೇ ಉಳಿಯುವುದು. ಮಣ್ಣೂ ಹಾಗೆಯೇ. ಹೆಚ್ಚಿನ ನೀರು ರಂಧ್ರದಿಂದ ಹೊರಟುಹೋದ ಮೇಲೂ ತಳದ ಒಂದು ಪಟ್ಟಿಯಷ್ಟು ಮಣ್ಣು ನೀರನ್ನು ಬಿಡದೆ ಹಿಡಿದುಕೊಂಡಿರುವುದು. ನಯವಾದ ಮಣ್ಣಿನ ಕಣಗಳು ಹಿಡಿದ ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯದಾದುದರಿಂದ, ಜಲ್ಲಿ ಹಾಕಿದರೆ ಆ ಒದ್ದೆಯ ಪಟ್ಟಿಯು ಇಲ್ಲವಾಗುವುದಿಲ್ಲ, ಮೂರು ಬೆರಳು ಮೇಲಕ್ಕೆ, ಬೇರಿಗೆ ಇನ್ನಷ್ಟು ಹತ್ತಿರಕ್ಕೆ, ಏರುತ್ತದೆ. ಪಂಚೆಯನ್ನು ಮಡಿಸಿ ಗಿಡ್ಡಮಾಡಿ ಹರವಿದರೂ ಒದ್ದೆ ಅಂಚಿನ ಅಗಲವೇನೂ ಕಡಮೆಯಾಗದಂತೆ, ಆಳವಿಲ್ಲದ ಕುಂಡದಲ್ಲಿ ಮಣ್ಣಿನ ಬಹುಭಾಗವು ಕೆಸರಾಗಿಯೇ ಇರುವುದೆಂಬುದನ್ನೂ ಇದರಿಂದಲೇ ಊಹಿಸಬಹುದು. ಮಣ್ಣು ಜಾರದಂತೆ ರಂಧ್ರದ ಮೇಲೆ ಹಂಚಿನ ಒಂದು ಬಾಗಿದ ಚೂರನ್ನು ಕವುಚಿದರೆ ಸಾಕು, ಉಳಿದುದೆಲ್ಲ ಮಣ್ಣೇ ಆಗಿರಲಿ.

ಆ ಮಣ್ಣು ಎಂತಹುದಿರಬೇಕು? ಕೋಲಾರದ ಕೆಮ್ಮಣ್ಣು ಹೊಲದಲ್ಲಿ ಟೊಮೇಟೊ ಬೆಳೆಯಲು ಎಷ್ಟು ಒಳ್ಳೆಯದೋ ಕುಂಡದಲ್ಲಿ ಅಷ್ಟೇ ಮೋಸಗಾರ. ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿ, ಅಂಚಿನಲ್ಲಿ ಬಿರುಕು ಬಿಟ್ಟು, ಹಾಕಿದ ನೀರೆಲ್ಲ ಬೇರನ್ನು ಮುಟ್ಟದೆ ಗೋಡೆಯ ಪಕ್ಕದಿಂದ ಇಳಿದುಹೋಗುವುದು. ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು ಎಂಬ ಹಳೆಯ ಲೆಕ್ಕವು ಇಂದಿಗೂ ಸಲ್ಲುವಂತಹುದೇ. ಬೇಸಗೆಯಲ್ಲಿ ರೈತರು ಹೊಲಕ್ಕೆ ಹೊಡೆಯುವ ಕೆರೆಗೋಡು ಫಲವತ್ತಾದುದಾದರೂ ಜಿಗುಟಾದುದರಿಂದ ಕುಂಡಕ್ಕೆ ಒಂದು ಹಿಡಿ ಸಾಕು. ನಮ್ಮ ಜಿಲ್ಲೆಯು ರೇಷ್ಮೆಯ ನಾಡಾದುದರಿಂದ, ಹುಳು ಮೇಯಿಸುವ ಮನೆಗಳಲ್ಲಿ ಹಿಪ್ಪುನೇರಳೆಯ ಕಡ್ಡಿ ಮತ್ತು ಹುಳದ ಹಿಕ್ಕೆ ರಾಶಿಬೀಳುತ್ತವೆ. ಅವನ್ನು ಗುಂಡಿಯಲ್ಲಿ ಕೊಳೆಯಿಸಿದರೆ ದೊರೆಯುವ ಗೊಬ್ಬರಕ್ಕೆ ಸಮನಾದುದು ಅಂಗಡಿಯ ಚೀಲಗಳಲ್ಲಿ ವಿರಳ. ಮಾಳಿಗೆಯ ಭಾರಕ್ಕೆ ಹೆದರುವವರು ಮಣ್ಣಿನ ಒಂದು ಭಾಗಕ್ಕೆ ಬದಲಾಗಿ ತೆಂಗಿನ ನಾರಿನ ಪುಡಿಯನ್ನು ಬಳಸಬಹುದು. ಅದರಲ್ಲಿ ಉಪ್ಪಿನಂಶವಿರುವ ಸಂಭವವುಂಟಾದುದರಿಂದ ಎರಡು ಮೂರು ನೀರಿನಲ್ಲಿ ತೊಳೆದು ಬಳಸತಕ್ಕದ್ದು, ಇಲ್ಲವೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಳಕೆಗೆ ತಂದಿರುವಂತೆ ಹುದುಗಿಸಿದ ಪುಡಿಯನ್ನು ಕೊಳ್ಳತಕ್ಕದ್ದು.

ಮರಳಿನ ಮಾತು ಬಂದಾಗ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆನು. ಕೆ.ಜಿ.ಎಫ್.ನಲ್ಲಿ ಕಣ್ಣಿಗೆ ಕಾಣುವ ಕಡೆಯೆಲ್ಲ ಬಿದ್ದಿರುವ ದಿಬ್ಬಗಳ ಹುಡಿ, ಒಟ್ಟು ಮೂರು ಕೋಟಿ ಟನ್ನಿಗೂ ಮಿಗಿಲೆಂದು ಅಂದಾಜು ಮಾಡಿರುವುದು, ನೋಟಕ್ಕೆ ನಯವಾದ ಮರಳಿನಂತಿದ್ದು ಕಾಸಿಲ್ಲದೆ ದೊರೆಯುವುದರಿಂದ, ಅದನ್ನು ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ಕುಂಡಕ್ಕೆ ಬೆರೆಸುವ ಮನಸ್ಸು ಯಾರಿಗಾದರೂ ಬಂದೀತು. ಅದು ಮರಳಲ್ಲ. ಬಿಳಿಗಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಸಯನೈಡಿನ ದ್ರವದಲ್ಲಿ ಚಿನ್ನವನ್ನು ಕರಗಿಸಿಕೊಂಡ ಮೇಲೆ ಉಳಿದ ಗಸಿ ಅದು. ಅದರಲ್ಲಿ ಜೀವಾಂಶವೆಂಬುದಿಲ್ಲ, ಒದ್ದೆಯಾದರೆ ಗಾರೆಯಂತೆ ಮೆತ್ತಿಕೊಳ್ಳುವುದು, ಒಣಗಿದರೆ ಗಾಳಿಗೆದ್ದು ಕಣ್ಣು ಮೂಗುಗಳನ್ನು ತುಂಬುವುದು. ಆಷಾಢದ ಗಾಳಿಯಲ್ಲಿ ಈ ಊರಿನ ಗಿಡಗಳ ಎಲೆಗಳ ಮೇಲೆ ಕೂಡ ಅದರ ಬೂದು ಲೇಪ ಕೂರುತ್ತದೆ. ಅನುಭವಸ್ಥರು ಆ ದಿನಗಳಲ್ಲಿ ಬೇರಿಗಿಂತ ಮೊದಲು ಎಲೆಗೆ ನೀರು ಚಿಮುಕಿಸುತ್ತಾರೆ.

ನೀರು ಇನ್ನೊಂದು ಕಥೆ. ವರ್ಷಕ್ಕೆ ಸುಮಾರು 750 ಮಿಲಿಮೀಟರು ಮಳೆ, ಅದೂ ಬಹುಪಾಲು ಶ್ರಾವಣದಿಂದ ಆಶ್ವಯುಜದೊಳಗೆ. ಸದಾ ಹರಿಯುವ ನದಿಯಿಲ್ಲ, ಪಾಲಾರು ಹೆಸರಿಗೆ ಮಾತ್ರ ಹೊಳೆ. ಉಳಿದುದಕ್ಕೆಲ್ಲ ನೂರಾರು ಅಡಿಗಳ ಕೊಳವೆಬಾವಿಯೇ ಗತಿ, ಟ್ಯಾಂಕರೇ ದೈವ. ಆಳದಿಂದ ಎತ್ತಿದ ಈ ಗಡಸುನೀರನ್ನು ತಿಂಗಳುಗಟ್ಟಲೆ ಹಾಕಿದ ಕುಂಡದ ಹೊರಮೈಯಲ್ಲಿ ಬಿಳಿಯ ಪೊರೆಯೊಂದು ಕಟ್ಟುವುದನ್ನು ಎಲ್ಲರೂ ಕಂಡಿರುವರು. ನೀರು ಆವಿಯಾಗಿ ಹೋಗಿ ಸುಣ್ಣವೂ ಉಪ್ಪೂ ಹಿಂದುಳಿದುದರ ಗುರುತದು. ಹೊರಗೆ ಕಾಣುವುದು ಒಳಗೂ ನಡೆದಿರುತ್ತದೆ. ಸುಣ್ಣ ಹೆಚ್ಚಿದ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದೂ ಗಿಡಕ್ಕೆ ದಕ್ಕದೆ, ದಾಸವಾಳದ ಗುಲಾಬಿಯ ಎಳೆಯ ಎಲೆಗಳು ನರಗಳು ಮಾತ್ರ ಹಸುರಾಗಿ ಉಳಿದು ಮಿಕ್ಕೆಲ್ಲ ಹಳದಿಗೆ ತಿರುಗುವುವು. ಜನರು ಇದನ್ನು ಹಸಿವೆಂದು ಬಗೆದು ಗೊಬ್ಬರದ ಮೇಲೆ ಗೊಬ್ಬರ ಸುರಿಯುತ್ತಾರೆ. ಉಪ್ಪಿಗೆ ಉಪ್ಪು ಕೂಡಿ ಗಿಡವು ಮತ್ತಷ್ಟು ಸೊರಗುವುದು. ನಮ್ಮ ಜಿಲ್ಲೆಯ ನೆಲದ ನೀರಿನಲ್ಲಿ ಫ್ಲೋರೈಡು ಹೆಚ್ಚೆಂಬುದು ಹಲ್ಲಿನ ಕಲೆಗಳಿಂದಲೇ ಎಲ್ಲರಿಗೂ ತಿಳಿದ ಸಂಗತಿ. ಗ್ಲಾಡಿಯೋಲಸ್ಸಿನಂತಹ ಕೆಲವು ಗಿಡಗಳ ಎಲೆತುದಿಗಳು ಸುಟ್ಟಂತಾಗುವುದಕ್ಕೂ ಅದೇ ಕಾರಣವಾಗಬಹುದು. ಇದಕ್ಕೆಲ್ಲ ಔಷಧವು ಆಕಾಶದಿಂದ ಬೀಳುವ ನೀರು. 100 ಚದರಡಿಯ ಮಾಡಿನ ಮೇಲೆ ಒಂದೇ ಒಂದು ಅಂಗುಲ ಮಳೆ ಸುರಿದರೂ 200 ಲೀಟರಿಗೆ ಮಿಗಿಲಾದ ನೀರನ್ನು ಹಿಡಿಯಬಹುದು. ಒಂದು ಡ್ರಮ್ಮು ತುಂಬಲು ಅಷ್ಟು ಸಾಕು. ತಿಂಗಳಿಗೊಮ್ಮೆ ಆ ನೀರನ್ನು ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಹಾಕಿದರೆ ಸೇರಿದ ಉಪ್ಪು ತೊಳೆದುಹೋಗುವುದು. ಅಕ್ಕಿ ತೊಳೆದ ನೀರನ್ನೂ ತರಕಾರಿ ತೊಳೆದ ನೀರನ್ನೂ ಚೆಲ್ಲದೆ ಹಾಕಬಹುದು. ಬಟ್ಟೆ ಒಗೆದ ಸೋಪಿನ ನೀರು ಬೇಡ.

ಎಷ್ಟು ನೀರು, ಯಾವಾಗ ನೀರು ಎಂಬುದಕ್ಕೆ ಗಡಿಯಾರದ ಉತ್ತರವಿಲ್ಲ. ಇದನ್ನು ನಾನು ಕಲಿತದ್ದು ಚಾಂಪಿಯನ್ ರೀಫಿನ ಸಾಲುಮನೆಯೊಂದರ ಮೊಗಸಾಲೆಯಲ್ಲಿ, ಗಣಿಯ ಕೆಳಗೆ ಮೂವತ್ತು ವರ್ಷ ದುಡಿದು ಮನೆ ಸೇರಿದ ಮುದುಕರೊಬ್ಬರಿಂದ. 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದ ಆ ಗಣಿಯಲ್ಲಿ ಬಂಡೆಯ ಶಾಖಕ್ಕೆ ಬೆಂದ ಮೈ ಅವರದು. ಈಗ ಅವರ ಆಸ್ತಿಯೆಂದರೆ ನಲವತ್ತಕ್ಕೆ ಎರಡೋ ಮೂರೋ ಕಡಮೆ ಮಣ್ಣಿನ ಕುಂಡಗಳು. ನಾನು ಹೋದಾಗ ಅವರು ಬೆರಳಿನ ಗೆಣ್ಣಿನಿಂದ ಒಂದೊಂದು ಕುಂಡದ ಹೊಟ್ಟೆಯನ್ನೂ ಟಕಟಕನೆ ಕುಟ್ಟಿ, ತಲೆಯನ್ನು ಒಂದು ಮಗ್ಗುಲಿಗೆ ವಾಲಿಸಿ ಆಲಿಸಿ, ಕೆಲವಕ್ಕೆ ನೀರೆರೆದು ಕೆಲವನ್ನು ಬಿಟ್ಟು ಮುಂದೆ ಸಾಗುತ್ತಿದ್ದರು. ಇದೇನು ತಾತ, ತೆಂಗಿನಕಾಯಿ ಆರಿಸುವ ಹಾಗೆ, ಎಂದೆನು. ಅವರು ನಕ್ಕು, ತಮಿಳಿನ ರಾಗವಿದ್ದ ಕನ್ನಡದಲ್ಲಿ ಹೇಳಿದರು: “ಕೆಳಗೆ ದಿನಾ ಮೊದಲು ಬಂಡೆ ತಟ್ಟಿ ನೋಡ್ತಿದ್ವಿ ಸಾರ್. ಟಣ್ ಅಂದ್ರೆ ಗಟ್ಟಿ, ನಿಲ್ಲಬಹುದು. ಡಬ್ ಅಂದ್ರೆ ಓಡಬೇಕು. ಇಲ್ಲಿ ಉಲ್ಟಾ. ತೊಟ್ಟಿ ಟಣ್ ಅಂದ್ರೆ ಓಡಿಹೋಗಿ ನೀರು ತರಬೇಕು. ಡಬ್ ಅಂದ್ರೆ ಸುಮ್ನೆ ಕೂತ್ಕೋಬೇಕು.”

ಮನೆಗೆ ಬಂದು ಪರೀಕ್ಷಿಸಿದೆನು, ಯಥಾರ್ಥವಾಗಿತ್ತು. ಒಳಗಿನ ಮಣ್ಣು ಒಣಗಿ ಕುಗ್ಗಿ ಗೋಡೆಯಿಂದ ಬಿಟ್ಟುಕೊಂಡಾಗ ಸುಟ್ಟ ಮಣ್ಣಿನ ಕುಂಡವು ಗಂಟೆಯಂತೆ ದನಿಗೊಡುವುದು. ಒಳಗೆ ತೇವವಿದ್ದರೆ ದನಿಯು ಹೂತುಹೋಗುವುದು. ಪ್ಲಾಸ್ಟಿಕ್ಕಿಗೆ ಈ ಪರೀಕ್ಷೆ ಸಲ್ಲದು, ಅದು ಯಾವಾಗಲೂ ಮೂಕವೇ. ಅದನ್ನು ಒಂದು ಕೈಯಿಂದ ಓರೆಯಾಗಿ ಎತ್ತಿ ಭಾರ ನೋಡಬೇಕು, ಇಲ್ಲವೆ ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡಬೇಕು. ಕುಂಬಾರನ ಕುಂಡವು ತನ್ನ ಸೂಕ್ಷ್ಮರಂಧ್ರಗಳಿಂದ ನೀರನ್ನು ಬೆವರಿ ಬೇರನ್ನು ತಂಪಾಗಿಡುತ್ತದೆ, ಹೂಜಿಯು ಕುಡಿಯುವ ನೀರನ್ನು ತಂಪುಮಾಡುವಂತೆಯೇ. ಆದರೆ ಅದೇ ಕಾರಣದಿಂದ ಚೈತ್ರ ವೈಶಾಖಗಳಲ್ಲಿ ದಿನಕ್ಕೆರಡು ಸಲ ನೀರು ಕೇಳುವುದು. ಕರಿಯ ಪ್ಲಾಸ್ಟಿಕ್ ಚೀಲವು ನೀರನ್ನು ಉಳಿಸುವುದು, ಬೇರನ್ನು ಬೇಯಿಸುವುದು. ಮಧ್ಯಾಹ್ನದ ಬಿಸಿಲಿಗೆ ಗೋಡೆಯ ನೆರಳು ಬೀಳುವೆಡೆ ಅದಕ್ಕೆ ಲೇಸು. ಹೊಸ ಮಣ್ಣಿನ ಕುಂಡವನ್ನು ಮಾತ್ರ ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟ ಬಳಿಕವೇ ಬಳಸಬೇಕು. ಇಲ್ಲವಾದರೆ ಗಿಡಕ್ಕೆ ಹಾಕಿದ ಮೊದಲ ನೀರನ್ನೆಲ್ಲ ತಾನೇ ಕುಡಿದುಬಿಡುತ್ತದೆ.

ಈಗ ಹೂಗಳು. ಸೇವಂತಿಗೆಯಿಂದಲೇ ಮೊದಲುಮಾಡುತ್ತೇನೆ, ಏಕೆಂದರೆ ಅದು ನನ್ನನ್ನು ಒಂದು ವರ್ಷ ಪೂರ್ತಿ ಗೇಲಿಮಾಡಿತು. ಹೂ ಮುಗಿದ ಗಿಡದ ಬುಡದ ಕಂದುಗಳನ್ನು ಬಿಡಿಸಿ ನೆಟ್ಟು, ಆಷಾಢದಲ್ಲಿ ಒಮ್ಮೆ ಶ್ರಾವಣದಲ್ಲಿ ಒಮ್ಮೆ ಕುಡಿ ಚಿವುಟಿ ಕವಲೊಡೆಸಿ, 10 ಅಂಗುಲದ ಕುಂಡಗಳಲ್ಲಿ ದುಂಡಗೆ ಬೆಳೆಸಿದ ಐದು ಗಿಡಗಳಲ್ಲಿ, ಹಿತ್ತಿಲಿನ ಮೂರು ಕಾರ್ತಿಕದಲ್ಲಿ ಮೈತುಂಬ ಹೂ ಹೊತ್ತವು. ಬೀದಿಯ ಕಡೆಯ ಜಗಲಿಯ ಮೇಲಿಟ್ಟ ಎರಡು ಮಾತ್ರ ಹಸುರು ಹಸುರಾಗಿ ಬೆಳೆಯುತ್ತಲೇ ಹೋದುವು. ಮಣ್ಣು ಒಂದೇ, ಗೊಬ್ಬರ ಒಂದೇ. ವ್ಯತ್ಯಾಸವಿದ್ದದ್ದು ಬೀದಿದೀಪದಲ್ಲಿ. ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪಿನ ಗಿಡದ ಮೇಲೆ ಪ್ರಯೋಗ ನಡೆಸಿ 1920ರಲ್ಲಿ ಪ್ರಕಟಿಸಿದ ತತ್ತ್ವವಿದು: ಕೆಲವು ಗಿಡಗಳು ಹಗಲು ಕುಗ್ಗಿ ಇರುಳು ಹಿಗ್ಗಿದಾಗಲಷ್ಟೇ ಮೊಗ್ಗಿಡುವುವು. ನಮ್ಮ ಅಕ್ಷಾಂಶದಲ್ಲಿ ಅತಿ ದೀರ್ಘವಾದ ಹಗಲು 13 ಗಂಟೆಗಳಿಗೆ ತುಸು ಕಡಮೆ, ಅತಿ ಹ್ರಸ್ವವಾದುದು 11 ಗಂಟೆಗಳಿಗೆ ತುಸು ಹೆಚ್ಚು. ಈ ಒಂದೂವರೆ ಗಂಟೆಯ ಅಂತರವನ್ನು ಪಂಚಾಂಗವಿಲ್ಲದೆ ಅಳೆಯುವ ಸೇವಂತಿಗೆಗೆ ರಾತ್ರಿಯ ನಡುವೆ ಬೆಳಕು ಬಿದ್ದರೆ ಲೆಕ್ಕ ತಪ್ಪುವುದು. ಶಿವನಸಮುದ್ರದ ವಿದ್ಯುಚ್ಛಕ್ತಿಯು 92 ಮೈಲಿ ತಂತಿಯ ಮೇಲೆ ನಡೆದು 1902ರಲ್ಲಿ ಕೆ.ಜಿ.ಎಫ್. ತಲಪಿದಾಗ ಬೆಂಗಳೂರಿಗೆ ಇನ್ನೂ ವಿದ್ಯುದ್ದೀಪ ಬಂದಿರಲಿಲ್ಲ; ಈ ಹೆಮ್ಮೆಯ ಸಂಗತಿಯನ್ನು ನಾನು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದೇನಾದರೂ, ಕತ್ತಲೆಯನ್ನು ಬೇಡುವ ಹೂವೂ ಇದೆಯೆಂಬುದು ತಿಳಿದದ್ದು ಆ ವರ್ಷವೇ. ಕುಂಡವಾದುದರಿಂದ ಪರಿಹಾರವು ಸುಲಭವಾಯಿತು. ಎರಡನ್ನೂ ಎತ್ತಿ ಹಿತ್ತಿಲಿಗೆ ಇಟ್ಟೆನು. ಎಲ್ಲರ ಹೂ ಮುಗಿದ ಮೇಲೆ, ಮಾಘದಲ್ಲಿ, ಅವೂ ಅರಳಿದವು.

ನೀರಿನ ಬಡತನವಿರುವ ಮನೆಗೆ ಕಾಗದದ ಹೂವಿಗಿಂತ ಉಪಕಾರಿಯಾದ ಗಿಡವಿಲ್ಲ. ಫ್ರೆಂಚ್ ನಾವಿಕ ಬೂಗೆನ್‌ವಿಲ್ ಎಂಬಾತನ ಹೆಸರನ್ನು ಹೊತ್ತಿರುವ ಇದನ್ನು 1767ರಲ್ಲಿ ಬ್ರೆಜಿಲ್ಲಿನ ತೀರದಲ್ಲಿ ಕಂಡು ಆಯ್ದವನು ಅವನ ನೌಕಾಯಾತ್ರೆಯ ಸಸ್ಯಶಾಸ್ತ್ರಜ್ಞನಾದ ಕಾಮರ್ಸನ್. ಆತನ ಜತೆಗೆ ಗಂಡುವೇಷದಲ್ಲಿ ಹಡಗೇರಿ ಸಹಾಯಕಿಯಾಗಿ ದುಡಿದ ಜೀನ್ ಬಾರೆ ಎಂಬಾಕೆಯು ಭೂಪ್ರದಕ್ಷಿಣೆ ಮಾಡಿದ ಮೊದಲ ಹೆಂಗಸೆಂದು ಪ್ರಸಿದ್ಧಳಾಗಿದ್ದಾಳೆ. ನಾವು ಹೂವಿನ ದಳಗಳೆಂದು ಭ್ರಮಿಸುವ ಬಣ್ಣದ ಮೂರು ಹಾಳೆಗಳು ವಾಸ್ತವವಾಗಿ ಎಲೆಗಳ ರೂಪಾಂತರ. ಅವುಗಳ ಮಡಿಲಲ್ಲಿ ಕಡ್ಡಿಯಂತೆ ನಿಂತಿರುವ ಕೆನೆಬಣ್ಣದ ಪುಟ್ಟ ನಳಿಗೆಗಳೇ ನಿಜವಾದ ಹೂ. ಧಾರಾಳವಾಗಿ ನೀರು ಗೊಬ್ಬರಗಳನ್ನು ಕೊಟ್ಟರೆ ಇದು ಬರಿಯ ಎಲೆ ಮುಳ್ಳುಗಳನ್ನು ಬೆಳೆಸಿ ಮೆರೆಯುವುದು. ಬೇರಿಗೆ ಜಾಗ ಇಕ್ಕಟ್ಟಾಗಿ, ಎಲೆ ಜೋಲುವವರೆಗೆ ನೀರು ತಡೆದು, ಆಮೇಲೆ ಒಮ್ಮೆ ತಣಿಯುವಷ್ಟು ಎರೆದು, ಮತ್ತೆ ತಡೆದರೆ, ಬಣ್ಣದ ಹುಚ್ಚು ಹಿಡಿಯುವುದು. 12 ಅಂಗುಲದ ಕುಂಡದಲ್ಲಿ ಐದಾರು ವರ್ಷ ಅದನ್ನು ಕದಲಿಸದೆ ಬಿಡಬಹುದು. ಬೇರನ್ನು ಕೆದಕಿದರೆ ಮುನಿಯುವ ಜಾತಿಯದು. ಹೂ ಮುಗಿದೊಡನೆ ಕತ್ತರಿ, ಕನಿಕರವಿಲ್ಲದೆ.

ಇದಕ್ಕೆ ತದ್ವಿರುದ್ಧ ಸ್ವಭಾವದ್ದು ದುಂಡುಮಲ್ಲಿಗೆ. ಚಳಿಗಾಲದಲ್ಲಿ ನೀರು ನಿಲ್ಲಿಸಿ, ಎಲೆ ಕಿತ್ತು, ಗೆಲ್ಲು ಸವರಿ ವಿಶ್ರಾಂತಿ ಕೊಟ್ಟು, ಚಿಗುರು ಕಂಡಮೇಲೆ ಗೊಬ್ಬರವನ್ನೂ ನೀರನ್ನೂ ಕೈಬಿಚ್ಚಿ ಕೊಟ್ಟರಷ್ಟೇ ಯುಗಾದಿಯ ಹೊತ್ತಿಗೆ ಮುಡಿತುಂಬ ಹೂ ಕೊಡುವುದು. ನಿತ್ಯಪುಷ್ಪಕ್ಕೆ ಹೇಳುವುದೇನೂ ಇಲ್ಲ, ಅದು ಗೋಡೆಯ ಬಿರುಕಿನಲ್ಲೂ ಅರಳುವುದು. ಹತ್ತು ಗಂಟೆ ಹೂವಿಗೆ ಬಿಸಿಲೊಂದಿದ್ದರೆ ಸಾಕು, ತೆಂಗಿನ ಕರಟದಲ್ಲೂ ಬದುಕುವುದು. ಪೆಟೂನಿಯಾ, ಫ್ಲಾಕ್ಸ್ ಮುಂತಾದವುಗಳನ್ನು ಆಶ್ವಯುಜದಲ್ಲಿ ಬಿತ್ತಿ ಶಿವರಾತ್ರಿಯವರೆಗೆ ಸಂತೋಷಪಟ್ಟು, ಬಿಸಿಲು ಏರಿದಾಗ ಮಾತಾಡದೆ ಕಿತ್ತು ಗೊಬ್ಬರದ ಗುಂಡಿಗೆ ಹಾಕತಕ್ಕದ್ದು. ಈಚೆಗೆ ಬುಡ ಊದಿದ ಅಡೇನಿಯಮ್ಮನ್ನು ಎಲ್ಲರೂ ಕೊಳ್ಳುತ್ತಿದ್ದಾರೆ. ಒಣನಾಡಿನ ಗಿಡವಾದುದರಿಂದ ನಮಗೆ ಒಪ್ಪುವಂತಹುದೇ. ಅದರ ಹಾಲು ವಿಷವೆಂಬುದನ್ನು, ಆಫ್ರಿಕದಲ್ಲಿ ಬಾಣದ ಮೊನೆಗೆ ಬಳಿಯುತ್ತಿದ್ದರೆಂಬುದನ್ನು, ಮಕ್ಕಳಿರುವ ಮನೆಯವರು ನೆನಪಿಡಬೇಕು.

ಕೀಟಗಳ ವಿಷಯಕ್ಕೆ ಹೆಚ್ಚು ಕಾಗದ ಖರ್ಚುಮಾಡುವುದಿಲ್ಲ. ದಾಸವಾಳದ ಕುಡಿಗೆ ಬೆಣ್ಣೆ ಮೆತ್ತಿದಂತೆ ಕಾಣುವ ಹಿಟ್ಟುತಿಗಣೆಯನ್ನು ಮೊದಲ ದಿನವೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದರೆ ಔಷಧದ ಮಾತೇ ಇಲ್ಲ. ಮೂರನೆಯ ವಾರ ಕಂಡರೆ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕಲಕಿ ಸಂಜೆಯ ಹೊತ್ತು ಚಿಮುಕಿಸತಕ್ಕದ್ದು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗ್ಯೂ ಸೊಳ್ಳೆಯ ತೊಟ್ಟಿಲಾದುದರಿಂದ ಆಗಾಗ ಚೆಲ್ಲತಕ್ಕದ್ದು. ನೆನೆದ ಮಣ್ಣು ತುಂಬಿದ 12 ಅಂಗುಲದ ಕುಂಡವು 25 ಕಿಲೋಗ್ರಾಂಗೆ ಕಡಮೆ ತೂಗದು. ಹಳೆಯ ಮಾಳಿಗೆಯ ನಡುಮಧ್ಯದಲ್ಲಿ ಅವನ್ನು ಗುಂಪುಗೂಡಿಸದೆ ಗೋಡೆಯ ಮೇಲೆಯೇ ಭಾರ ಬೀಳುವಂತೆ ಅಂಚಿನಲ್ಲಿ ಇಡುವುದು ಮನೆಗೂ ಮನೆಯವರಿಗೂ ಕ್ಷೇಮ.

ಕನಕಾಂಬರವನ್ನು ಕೊನೆಗಿಟ್ಟುಕೊಂಡಿದ್ದೇನೆ. ಇಷ್ಟು ಪರದೇಶಿಗಳ ನಡುವೆ ಇದು ನಮ್ಮದೇ ನೆಲದ ಗಿಡ. ಪರಿಮಳವಿಲ್ಲದಿದ್ದರೂ ಬಣ್ಣದಿಂದಲೂ ಬಾಡದ ಗುಣದಿಂದಲೂ ತುರುಬಿನಲ್ಲಿ ಮಲ್ಲಿಗೆಗೆ ಜೊತೆಯಾಗಿ ಕುಳಿತದ್ದು. ಅರೆನೆರಳು ಇದಕ್ಕೆ ಹಿತ, ಒಂದು ಬಾರಿ ಹಿಡಿದರೆ ವರ್ಷದ ಬಹುಭಾಗ ಹೂ ಬಿಡುವುದು. ಮಾರುಕಟ್ಟೆಯಲ್ಲಿ ಡೆಲ್ಲಿ ಕನಕಾಂಬರವೆಂದು ಕರೆಯುವ ದಟ್ಟಬಣ್ಣದ ತಳಿಯು ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ನಾಟಿಯದು ತೆನೆತುಂಬ ಬೀಜ ಕಟ್ಟುವುದು. ಚಾಂಪಿಯನ್ ರೀಫಿನಲ್ಲಿ ಆ ದಿನ ನಾನು ಹೊರಟು ನಿಂತಾಗ, ಕುಂಡಗಳನ್ನು ಕುಟ್ಟಿ ನೋಡುತ್ತಿದ್ದ ಆ ಮುದುಕರು ತಮ್ಮ ನಾಟಿ ಗಿಡದ ಒಣಗಿದ ತೆನೆಗಳಿಂದ ಹತ್ತಿಪ್ಪತ್ತು ಕಾಯಿಗಳನ್ನು ಮೆಲ್ಲನೆ ಬಿಡಿಸಿ, ದಿನಪತ್ರಿಕೆಯ ಚೂರಿನಲ್ಲಿ ಪೊಟ್ಟಣ ಕಟ್ಟಿ, “ನೀರು ತಾಕಿಸಬೇಡಿ ಸಾರ್, ಮನೆಗೆ ಹೋಗೋ ತನಕ” ಎಂದು ಕೊಟ್ಟರು. ನಾನು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಚಾಂಪಿಯನ್ನಿನಲ್ಲಿ ಗಾಡಿ ಹತ್ತಿದೆನು. ಕೋರಮಂಡಲ ದಾಟುವಷ್ಟರಲ್ಲಿ ದಿಬ್ಬಗಳ ಹಿಂದಿನಿಂದ ಮಳೆಯು ಓರೆಯಾಗಿ ಬಂದು, ಮುರಿದ ಷಟರಿನ ಕಿಟಕಿಯಿಂದ ನುಗ್ಗಿ, ನನ್ನ ಎಡಮೈಯನ್ನೆಲ್ಲ ತೋಯಿಸಿತು. ಬೆಮೆಲ್ ನಗರದ ಬಳಿ ಜೇಬಿನಲ್ಲಿ ಟಪ್ ಎಂದಿತು. ತುಸು ಹೊತ್ತಿಗೆ ಮತ್ತೆರಡು. ಎದುರಿಗೆ ಕುಳಿತಿದ್ದ ಹುಡುಗನು ಮೊಬೈಲಿನಿಂದ ಕಣ್ಣೆತ್ತಿ ನನ್ನ ಎದೆಯನ್ನೇ ನೋಡತೊಡಗಿದನು. ಬಂಗಾರಪೇಟೆಯ ಸಿಗ್ನಲ್ಲಿನಲ್ಲಿ ಗಾಡಿ ನಿಂತ ಹತ್ತು ನಿಮಿಷವೂ ನನ್ನ ಜೇಬು ಬಿಟ್ಟು ಬಿಟ್ಟು ಸಿಡಿಯುತ್ತಲೇ ಇತ್ತು.